ಮಹಾಬಲಿಪುರದಿಂದ ತಂದ ಎರಡು ನಂದಿಗಳು

ಚಿತ್ರದುರ್ಗದ ನಮ್ಮ ಮನೆಯಂಗಳದಲ್ಲಿ, ಬಿಲ್ವದ ಬುಡದಲ್ಲಿ ಈಗ ಕುಳಿತಿರುವ ನಂದಿಯನ್ನು ಮಹಾಬಲಿಪುರದ ಶಿಲ್ಪಶಾಲೆಯೊಂದರಲ್ಲಿ ಹೇಳಿ ಮಾಡಿಸಿದೆವು. ಅದಕ್ಕೂ ಮೊದಲು ಅದೇ ಊರಿನ ಅಂಗಡಿಯೊಂದರಲ್ಲಿ ಕೊಂಡ ನಂದಿ ಪಡಸಾಲೆಯ ಗೂಡು ಸೇರಿದೆ. ಬಿಸಿಲು ಮಳೆಗೆ ಒಡ್ಡುವ ವಿಗ್ರಹ ಬೇಕೆನ್ನುವವರಿಗೆ ನಾನು ಶಿಲ್ಪಶಾಲೆಯನ್ನೇ ಸೂಚಿಸುತ್ತೇನೆ.

ಮೊದಲನೆಯದನ್ನು ಕೊಂಡದ್ದು ಕಡಲ ದಡದ ದೇವಾಲಯವನ್ನು ನೋಡಿ ಹಿಂದಿರುಗುವಾಗ. ಪಲ್ಲವರು ಪಂಚರಥಗಳನ್ನೂ ಗಂಗಾವತರಣದ ಉಬ್ಬುಶಿಲ್ಪವನ್ನೂ ಕಗ್ಗಲ್ಲಿನಲ್ಲಿ ಕಡೆಸಿದ ಊರಿನಲ್ಲಿ ನಿಂತು, ಇದೂ ಅದೇ ಜಾತಿಯ ಕಲ್ಲು ಎಂದು ಅಂಗಡಿಯವರು ಹೇಳಿದಾಗ ನಾನು ಅನುಮಾನಿಸಲಿಲ್ಲ. ಗೇಣುದ್ದದ ನಂದಿ, ಕಡುಗಪ್ಪು ಮೈ, ಎತ್ತಿದರೆ ಕೈಸೋಲುವಷ್ಟು ಭಾರ. 2,800 ರೂಪಾಯಿ ಕೊಟ್ಟು ತಂದೆ.

ಶ್ರಾವಣದ ಮೊದಲ ಸೋಮವಾರ ಅಭಿಷೇಕ ಮುಗಿಸಿ ಬಿಳಿಯ ವಸ್ತ್ರದಲ್ಲಿ ಒರೆಸಿದಾಗ ವಸ್ತ್ರವೆಲ್ಲ ಕಪ್ಪಾಯಿತು. ಅಂಗಡಿಯ ಧೂಳಿರಬೇಕೆಂದು ಸುಮ್ಮನಾದೆ. ನಾಲ್ಕನೆಯ ಸೋಮವಾರದ ಹೊತ್ತಿಗೆ ಭುಜದ ಡುಬ್ಬ ಬೂದಿ ಬಣ್ಣಕ್ಕೆ ತಿರುಗಿತ್ತು. ಪೀಠದ ಅಡಿಯಲ್ಲಿ ಮೊಳೆಯಿಂದ ಗೀರಿದರೆ ಸ್ಲೇಟಿನ ಮೇಲೆ ಬಳಪ ಎಳೆದಂತೆ ಬಿಳಿಯ ಗೆರೆ ಮೂಡಿ, ಬೆರಳಿಗೆ ನುಣುಪಾದ ಪುಡಿ ಹತ್ತಿತು. ಅದು ಬಳಪದ ಕಲ್ಲು, ಮೇಲೆ ಬಳಿದದ್ದು ಬಣ್ಣ. ಮುಂದಿನ ತಿಂಗಳು ಹಿತ್ತಾಳೆಯ ಚೆಂಬು ತಾಗಿ ಕಿವಿಯ ತುದಿಯೂ ಹಾರಿತು.

ಬಳಪದ ಕಲ್ಲು ಕೀಳಲ್ಲ. ಬೇಲೂರು, ಹಳೇಬೀಡುಗಳ ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಆ ಕಲ್ಲಿನ ಮೃದುತ್ವದಿಂದಲೇ. ಆದರೆ ಅದನ್ನು ಕಗ್ಗಲ್ಲೆಂದು ಮಾರಿದ್ದು ನನಗೆ ಇಂದಿಗೂ ನೋವಿನ ಸಂಗತಿ. ಕೋಟೆಯ ಬಂಡೆಗಳ ನಡುವೆ ಬೆಳೆದವನಾಗಿಯೂ ನಾನು ಎಡವಿದ್ದು ತೂಕವನ್ನು ನಂಬಿದ್ದರಿಂದ. ಒಂದೇ ಗಾತ್ರದ ಎರಡೂ ಕಲ್ಲುಗಳು ಹೆಚ್ಚುಕಡಿಮೆ ಒಂದೇ ತೂಕ ಬರುತ್ತವೆ. ಗುಟ್ಟು ಬಿಟ್ಟುಕೊಡುವುದು ಮೊಳೆಯ ಗೀರು ಮಾತ್ರ.

ಮರುವರ್ಷ ಶಿಲ್ಪಶಾಲೆಯಲ್ಲಿ ಕಲ್ಲನ್ನು ನನ್ನ ಮುಂದೆಯೇ ಗೀರಿ ತೋರಿಸಿದರು. ಉಳಿಯ ತುದಿ ಜಾರಿತೇ ಹೊರತು ಪುಡಿ ಏಳಲಿಲ್ಲ. ಶಿಲ್ಪಿ ಕೆಂಪು ಬಣ್ಣದಲ್ಲಿ ಗೆರೆ ಹಾಕಿಕೊಂಡು, ಹೆಚ್ಚಾದ ಕಲ್ಲನ್ನು ಚಕ್ಕೆ ಚಕ್ಕೆಯಾಗಿ ತೆಗೆದು, ಗೆರೆ ಅಳಿದಲ್ಲಿ ಮತ್ತೆ ಎಳೆಯುತ್ತಿದ್ದರು. ಮೊಂಡಾದ ಉಳಿಗಳು ಪಕ್ಕದ ಕುಲುಮೆಯಲ್ಲಿ ಕಾದು ಹದಗೊಳ್ಳುತ್ತಿದ್ದವು. ಅಲ್ಲಿನ ಸರ್ಕಾರಿ ಶಿಲ್ಪಕಲಾ ಕಾಲೇಜು 1957ರಿಂದ ನಡೆಯುತ್ತಿದೆ, ಊರಿನ ಶಿಲಾಶಿಲ್ಪಕ್ಕೆ 2017ರಲ್ಲಿ, ಆ ಊರಿನದೇ ಎಂದು ಸಾರುವ ಭೌಗೋಳಿಕ ಗುರುತೂ (ಜಿಐ) ದೊರೆತಿದೆ. ಆದರೂ ನನಗೆ ಭರವಸೆ ಮೂಡಿಸಿದ್ದು ಆ ಕೆಂಪು ಗೆರೆಗಳೇ.

ಬೆಲೆ 7,500 ರೂಪಾಯಿ, ಲಾರಿ ಸಾಗಣೆ ಬೇರೆ. ಐದು ವಾರ ಕಾಯಬೇಕಾಯಿತು. ತಮಿಳು ಬಾರದ ನನಗೆ ಫೋನಿನಲ್ಲಿ ವಿಚಾರಿಸುವುದು ಕಷ್ಟವೇ ಆಯಿತು.

ನಯದಲ್ಲಿ ಅಂಗಡಿಯದೇ ಮುಂದು: ಕೊರಳ ಗಂಟೆಸರದ ಒಂದೊಂದು ಮಣಿಯೂ ಅದರಲ್ಲಿ ಸ್ಪಷ್ಟವಾಗಿದೆ. ಗೂಡಿನಲ್ಲಿಟ್ಟು ಹೂ ಮುಡಿಸುವವರಿಗೆ, ಕೈಯಲ್ಲಿ ಮೂರು ಸಾವಿರವಷ್ಟೇ ಇರುವವರಿಗೆ ಬಳಪದ ಕಲ್ಲೇ ಸಾಕು. ಬಣ್ಣ ಬಳಿಯದ್ದನ್ನು ಕೇಳಿ ಪಡೆಯಬೇಕು. ದಿನವೂ ಬೆಳಿಗ್ಗೆ ಚೆಂಬು ನೀರೆರೆಯುವ ನನ್ನಂಥವರಿಗೆ ಅದು ಆಗದು. ಎರಡು ಮಳೆಗಾಲ ನೆನೆದರೂ ಹೊಸ ನಂದಿಯ ಕೊಂಬು ಮುಕ್ಕಾಗಿಲ್ಲ. ತಂಗಿಯ ಮನೆಗೆ ಒಂದು ನಾಗರಕಲ್ಲು ಬೇಕಾಗಿದೆ. ಅದೇ ಶಿಲ್ಪಶಾಲೆಗೆ ಮುಂಗಡ ಕಳುಹಿಸಿದ್ದೇನೆ.