ಲಿಯೋಪೋಲ್ಡ್ ಕೆಫೆ, ಕೊಲಾಬಾ, ಮುಂಬೈ: ಚಿಲ್ಲಿ ಚಿಕನ್ ಮತ್ತು ಗೋಡೆಯ ತೂತು

ಮೊದಲು ಊಟದ ವಿಷಯ ಹೇಳಿಬಿಡುತ್ತೇನೆ. ಚಿಲ್ಲಿ ಚಿಕನ್ ಚೆನ್ನಾಗಿತ್ತು, ಮೂಗಲ್ಲಿ ನೀರು ಬರುವಷ್ಟು ಖಾರ. ಬಿಯರು ತಣ್ಣಗಿತ್ತು. ಬಿಲ್ಲು ಮಾಟುಂಗದ ಉಡುಪಿ ಹೋಟೆಲಿನ ಲೆಕ್ಕದಲ್ಲಿ ಜಾಸ್ತಿ, ಕೊಲಾಬಾದ ಲೆಕ್ಕದಲ್ಲಿ ಸರಿ. 1871ರಲ್ಲಿ ಇರಾನಿಗಳು ಶುರು ಮಾಡಿದ ಜಾಗ. ಪಕ್ಕದ ಮೇಜಿನವರ ಸಂಸಾರದ ಗುಟ್ಟೆಲ್ಲ ಕಿವಿಗೆ ಬೀಳುತ್ತದೆ.

ಫೋರ್ಟಿನ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಸಂಬಳದ ದಿನ ಗೆಳೆಯರೆಲ್ಲ ಇಲ್ಲಿಗೆ ಬರುತ್ತಿದ್ದೆವು. 2008ರ ನವೆಂಬರ್ 26ರ ಉಗ್ರರ ದಾಳಿಯ ನಂತರ ನಾನು ಬಂದಿರಲಿಲ್ಲ. ಅವತ್ತು ಏಳರ ಲೋಕಲ್ ಹಿಡಿದು ಡೊಂಬಿವಿಲಿ ಸೇರಿದ್ದೆ. ಊಟಕ್ಕೆ ಕೂತಾಗ ಟಿವಿಯಲ್ಲಿ ಲಿಯೋಪೋಲ್ಡ್, ಆಮೇಲೆ ನಾನು ಸಂಜೆ ದಾಟಿ ಬಂದಿದ್ದ ರೈಲು ನಿಲ್ದಾಣ ಸಿಎಸ್‌ಟಿ. ತಟ್ಟೆಯ ಅನ್ನ ಹಾಗೇ ಉಳಿಯಿತು.

ಈ ಸಲ ದಾವಣಗೆರೆಯಿಂದ ಬಂದ ಅಳಿಯ ಹಟ ಹಿಡಿದ, ಹೋದೆವು. ಗುಂಡು ಬಿದ್ದ ತೂತುಗಳು ಗೋಡೆಯಲ್ಲಿ ಹಾಗೇ ಇವೆ. ಯಾವುದೋ ಟೂರಿನ ಗೈಡು ನಾಲ್ಕು ಜನರನ್ನು ಕರೆತಂದು ಒಂದು ತೂತಿನಲ್ಲಿ ಬೆರಳಿಟ್ಟು ಫೋಟೊಗೆ ನಿಂತ. ನನಗೆ ಮೈ ಉರಿಯಿತು.

"ಮಾವ, ಇದನ್ನು ಯಾಕೆ ಮುಚ್ಚಿಲ್ಲ? ವ್ಯಾಪಾರಕ್ಕಾ?" ಎಂದ ಅಳಿಯ.

ವ್ಯಾಪಾರವೂ ಇದೆ, ಸುಳ್ಳು ಯಾಕೆ ಹೇಳಲಿ? ಕೌಂಟರಿನಲ್ಲಿ ಕೆಫೆಯ ಹೆಸರಿನ ಟೀ ಶರ್ಟು, ಮಗ್ಗು ಮಾರುತ್ತಾರೆ. ಆದರೆ ಇಲ್ಲಿ ಸತ್ತವರಲ್ಲಿ ಇಲ್ಲಿನ ಇಬ್ಬರು ವೇಟರುಗಳೂ ಇದ್ದರು. ಅಷ್ಟಾಗಿಯೂ ನಾಲ್ಕೈದು ದಿನದಲ್ಲೇ ಬಾಗಿಲು ತೆರೆದರು. ಊರು ಅದನ್ನು ಧೈರ್ಯ ಎಂದಿತು.

ಅದೇ ವಾರ ಇನ್ನೊಂದು ಭೇಟಿ ನಡೆಯಿತು. ನವೆಂಬರ್ 30ರಂದು ಮಹಾರಾಷ್ಟ್ರದ ಆಗಿನ ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್, ಅದೇ ದಾಳಿಯಲ್ಲಿ ಸುಟ್ಟ ತಾಜ್ ಹೋಟೆಲ್ ನೋಡಲು ಹೋದರು. ಜೊತೆಗೆ ನಟ ಮಗ ರಿತೇಶ್, ಸಿನಿಮಾ ನಿರ್ದೇಶಕ ರಾಮ್ ಗೋಪಾಲ್ ವರ್ಮಾ. ಕಮಾಂಡೊಗಳ ಕೆಲಸ ಮುಗಿದು ಒಂದೇ ದಿನವಾಗಿತ್ತು. ಸೂತಕದ ಮನೆಗೆ ಹೋಗಿ ಜಗಲಿಯ ಅಳತೆ ತೆಗೆದ ಹಾಗೆ ಕಂಡಿತು ಜನರಿಗೆ. ದಾಳಿಯ ಸಿಟ್ಟಿನ ಮೇಲೆ ಇದೂ ಸೇರಿ ಕೆಲವೇ ದಿನದಲ್ಲಿ ದೇಶಮುಖರ ಕುರ್ಚಿ ಹೋಯಿತು. 2013ರಲ್ಲಿ ವರ್ಮಾ ದಾಳಿಯ ಮೇಲೆ ಸಿನಿಮಾ ಮಾಡೇಬಿಟ್ಟರು. ಲೋಕಲ್‌ನಲ್ಲಿ ನಿಂತು ಅವರಿಗೆ ಬೈದಿದ್ದ ನಾನೂ ನಾನಾ ಪಾಟೇಕರ್‌ಗೋಸ್ಕರ ಟಿಕೆಟ್ ತೆಗೆದೆ! ಹಾಗಾಗಿ ಸಿನಿಮಾ ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ. ಮುಖ್ಯಮಂತ್ರಿಯ ಬೆನ್ನ ಹಿಂದೆ, ಹೊಗೆ ವಾಸನೆ ಹೋಗುವ ಮೊದಲೇ ಒಳಗೆ ಹೋದದ್ದು ಈಗಲೂ ಚುಚ್ಚುತ್ತದೆ.

ತಾಜ್‌ನವರು ಹಳೆ ಕಟ್ಟಡವನ್ನು ಮೊದಲಿನ ಹಾಗೇ ಮಾಡಿ 2010ರ ಆಗಸ್ಟ್ 15ಕ್ಕೆ ತೆರೆದರು. ಒಳಗೆ ಸತ್ತವರ ಹೆಸರಿನ ಸ್ಮಾರಕವಿದೆ. ಅದೂ ಒಂದು ರೀತಿ. ನನಗೆ ಲಿಯೋಪೋಲ್ಡ್‌ನ ರೀತಿಯೇ ಹಿಡಿಸಿತು. ತೂತಿನ ಕೆಳಗೆ ಯಾರೋ ಬಿರಿಯಾನಿ ತಿನ್ನುತ್ತಿದ್ದರು. ವೇಟರು ಅದರ ಪಕ್ಕದಲ್ಲೇ ತಟ್ಟೆ ಹೊತ್ತು ಹತ್ತಾರು ಸಲ ಓಡಾಡಿದ, ಒಮ್ಮೆಯೂ ಆ ಕಡೆ ನೋಡಲಿಲ್ಲ.

ಹೋಗುವವರು ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ, ಆಮೇಲೆ ಗದ್ದಲ ಜಾಸ್ತಿ. ಊಟಕ್ಕೆ ನಾಲ್ಕು ಸ್ಟಾರ್ ಕೊಡಬಹುದು. ಅಳಿಯ ಟೀ ಶರ್ಟು ಕೊಂಡ, ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಅಂದಹಾಗೆ, ಕೂರುವ ಮೇಜು ಆರಿಸಿದ್ದು ನಾನು. ರಸ್ತೆಯಿಂದ ಒಳಗೆ ಬರುವವರೆಲ್ಲ ಕಾಣುವ ಮೇಜು. ಅಳಿಯ ಅದನ್ನು ಗಮನಿಸಲಿಲ್ಲ.