ಅಂಟುವಾಳದ ನೀರಾ, ಸೋಪು-ಸೋಡಾ ಪುಡಿನಾ?

ದಾವಣಗೆರೆ, ಚಿತ್ರದುರ್ಗ ಕಡೆಯೋರು ಬಟ್ಟೆ ಒಗೆಯೋಕೆ ಮನೇಲೇ ಏನಾದ್ರೂ ಮಾಡ್ಕೋಬೇಕು ಅಂದ್ರೆ ಮೊದ್ಲು ನೀರು ನೋಡ್ಕೊಳ್ರಿ. ಬೋರ್ ನೀರಾದ್ರೆ ಗಡಸು ಇರೋದೇ ಜಾಸ್ತಿ, ಬಕೆಟ್ ಅಂಚಿಗೆ ಬೆಳ್ಳಗೆ ಕಟ್ಟಿರುತ್ತಲ್ಲ, ಅದೇ ಗುರುತು.

ಅಂಥ ನೀರಿಗೆ ಬರೀ ಸೋಪು ಹಾಕಿದ್ರೆ ನೊರೆ ಬರೋ ಬದ್ಲು ಕ್ಯಾಲ್ಸಿಯಂ ಜೊತೆ ಸೇರಿ ಒಡೆದ ಹಾಲಿನ ಥರ ಗಸಿ ಆಗುತ್ತೆ, ಅದು ಬಟ್ಟೆಗೇ ಅಂಟ್ಕೊಂಡು ಬಿಳಿ ಅಂಗಿ ಮಾಸ್ಲು ಕಾಣುತ್ತೆ. ಅದಕ್ಕೇ ತುರಿದ ಬಾರ್ ಸೋಪಿಗೆ ಅಷ್ಟೇ ಅಳತೆ ವಾಷಿಂಗ್ ಸೋಡಾ ಸೇರಿಸೋದು, ಸೋಡಾ ಗಡಸು ಕಡಿಮೆ ಮಾಡುತ್ತೆ. ಅಡುಗೆ ಸೋಡಾ ಬೇರೆ, ಅದ್ರಿಂದ ಈ ಕೆಲ್ಸ ಸರಿಯಾಗಿ ಆಗಲ್ಲ. ಕಲಸುವಾಗ ಕೈಗೆ ಗ್ಲೌಸ್ ಇರ್ಲಿ.

ಅಂಟುವಾಳಕ್ಕೆ ಈ ಗಸಿ ಕಾಟ ಇಲ್ಲ, ಅದ್ರಲ್ಲಿರೋ ಸಪೋನಿನ್ ಅನ್ನೋ ನೊರೆ ಬರಿಸೋ ಅಂಶ ಸೋಪಿನ ಹಂಗೆ ಒಡೆಯಲ್ಲ. ಬೀಜ ತೆಗ್ದು ರಾತ್ರಿ ನೆನೆಸಿ, ಬೆಳಗ್ಗೆ ಕುದಿಸಿ ಹಿಸುಕಿ ಸೋಸಿದ್ರೆ ಆಯ್ತು. ಆದ್ರೆ ನಾಕೈದು ದಿನಕ್ಕೇ ಹುಳಿ ವಾಸನೆ ಶುರು, ಫ್ರಿಜ್ಜಲ್ಲಿಟ್ರೆ ಸ್ವಲ್ಪ ತಡೆಯುತ್ತೆ. ಕಣ್ಣಿಗೆ ಹಾರಿದ್ರೆ ಉರಿ ಬೇರೆ.

ಮಂಡಕ್ಕಿ ಮಿರ್ಚಿ ಎಣ್ಣೆ ಅಂಗಿ ಮೇಲೆ ಬಿತ್ತು ಅಂತಿಟ್ಕೊಳ್ರಿ, ಅಂಟುವಾಳ ಕೈ ಎತ್ತುತ್ತೆ, ಅಲ್ಲಿ ಸೋಡಾ ಪುಡಿನೇ ಬೇಕು. ರೇಷ್ಮೆ, ಉಣ್ಣೆಗೆ ಮಾತ್ರ ಸೋಡಾ ಮುಟ್ಟಿಸ್ಬೇಡಿ, ನೂಲು ಹಾಳಾಗುತ್ತೆ, ಅದಕ್ಕೆ ಅಂಟುವಾಳನೇ ಸೈ. ದಿನಾ ಯೂನಿಫಾರ್ಮ್ ಒಗೆಯೋ ಮನೆಗೆ ನನ್ನ ಓಟು ಪುಡಿಗೆ.