ಕ್ರಾಪ್ ಸೆನ್ಸರ್ ಬೇಕಾ, ಫುಲ್ ಫ್ರೇಮ್ ಬೇಕಾ?

ಡಿಎಸ್ಎಲ್ಆರ್ ಕೊಳ್ಳುವಾಗ ಸುಮ್ನೆ ಮೆಗಾಪಿಕ್ಸೆಲ್ ಎಣಿಸಬೇಡಿ. ಒಳಗೆ ಬೆಳಕನ್ನು ಚಿತ್ರವಾಗಿಸುವ ಸೆನ್ಸರ್‌ನ ಅಳತೆ ನೋಡಿ: ದೊಡ್ಡದು ಫುಲ್ ಫ್ರೇಮ್, ಚಿಕ್ಕದು ಕ್ರಾಪ್. ಯಾವ ಫೋಟೊ ಜಾಸ್ತಿ ತೆಗೆಯುತ್ತೀರಿ ಅನ್ನೋದೇ ಮುಖ್ಯ.

ಹಕ್ಕಿಗಳ ಹುಚ್ಚಿದ್ದರೆ ಕ್ರಾಪ್ ಸೆನ್ಸರ್ ತಗೊಳ್ಳಿ. 200 ಮಿ.ಮೀ. ಲೆನ್ಸ್ ಹಾಕಿದರೆ ನಿಕಾನ್‌ನಲ್ಲಿ 300, ಕ್ಯಾನನ್‌ನಲ್ಲಿ 320 ಮಿ.ಮೀ. ಲೆನ್ಸನ್ನು ಫುಲ್ ಫ್ರೇಮ್‌ಗೆ ಹಾಕಿದಷ್ಟು ಹತ್ತಿರ ಕಾಣುತ್ತದೆ. ದೂರದ ಕೊಂಬೆಯ ಮಿಂಚುಳ್ಳಿ ಚುಕ್ಕೆಯಾಗಿ ಉಳಿಯುವುದಿಲ್ಲ. ತೂಕ, ಬೆಲೆ ಎರಡೂ ಕಡಿಮೆ. ಮೊದಲ ಕ್ಯಾಮೆರಾ ಆದರೆ ನನ್ನ ಮತ ಇದಕ್ಕೇ.

ಮಬ್ಬು ಬೆಳಕು, ರಾತ್ರಿಯ ಆಕಾಶ ಇಷ್ಟವಾದರೆ ಫುಲ್ ಫ್ರೇಮ್. 36×24 ಮಿ.ಮೀ.ನ ಈ ಸೆನ್ಸರ್ ವಿಸ್ತೀರ್ಣದಲ್ಲಿ ಕ್ರಾಪ್ ಸೆನ್ಸರ್‌ನ ಎರಡು ಪಟ್ಟಿಗಿಂತ ದೊಡ್ಡದು, ಅಲ್ವಾ? ಹಾಗಾಗಿ ಮಬ್ಬು ಬೆಳಕಿನಲ್ಲಿ ಫೋಟೊ ಬೆಳಗಿಸುವ ಐಎಸ್ಒ 3200ಕ್ಕೆ ಏರಿಸಿದರೂ ನೆರಳಿನ ಭಾಗದಲ್ಲಿ ಕಾಳುಕಾಳು ಕಡಿಮೆ.

ಲೆನ್ಸ್ ಕೊಳ್ಳುವಾಗ ಹುಷಾರು. ಕ್ರಾಪ್ ಸೆನ್ಸರ್‌ಗೆಂದೇ ಮಾಡಿದ ಕ್ಯಾನನ್‌ನ ಇಎಫ್-ಎಸ್ ಲೆನ್ಸ್ ಅವರದೇ ಫುಲ್ ಫ್ರೇಮ್ ಡಿಎಸ್ಎಲ್ಆರ್‌ಗೆ ಕೂರುವುದಿಲ್ಲ. ಮುಂದೆ ಫುಲ್ ಫ್ರೇಮ್‌ಗೆ ಬದಲಾಯಿಸುವ ಮನಸ್ಸಿದ್ದರೆ ಈಗಲೇ ಎರಡಕ್ಕೂ ಕೂರುವ ಇಎಫ್ ಲೆನ್ಸ್ ತಗೊಳ್ಳಿ.